ಅತ್ತಿಗೆ ನಗರಸಭೆ ಅಧ್ಯಕ್ಷೆ, ವಾರಪೂರ್ತಿ ಓಡಾಟ. ಇದ್ರಲ್ಲಿ ಅಧ್ಯಕ್ಷರ ಕೆಲಸ ನಿಜವಾಗ್ಲೂ ಯಾವ್ದು?

ಕೆರೆದಂಡೆ ಹುಡುಗ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ಓದಿ ಪ್ಲೀಸ್. ನಮ್ಮ ಅತ್ತಿಗೆ 2024ರ ಸೆಪ್ಟೆಂಬರ್‌ನಲ್ಲಿ ನಮ್ಮೂರ ನಗರಸಭೆ ಅಧ್ಯಕ್ಷೆ ಆದ್ರು. ಊರ ಹೆಸರು ಬೇಡ, 31 ವಾರ್ಡಿನ ಊರು ಅಂತ ಇಟ್ಕೊಳಿ. 2018ರಲ್ಲಿ ಮೆಂಬರ್ ಆಗಿ ಗೆದ್ದವರು, ಆಗ ಇವ್ರು ಅಧ್ಯಕ್ಷೆ ಆಗ್ತಾರೆ ಅಂತ ಯಾರೂ ಅಂದ್ಕೊಂಡಿರ್ಲಿಲ್ಲ. 2024ರ ಆಗಸ್ಟ್‌ನಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಬಂತಲ್ಲ, ನಮ್ಮೂರಿಗೆ ಸಾಮಾನ್ಯ ಮಹಿಳೆ ಬಿತ್ತು, ಮೆಂಬರ್‌ಗಳು ರೆಸಾರ್ಟು ಗಿಸಾರ್ಟು ಎಲ್ಲಾ ಸುತ್ತಿ ಬಂದ್ಮೇಲೆ ಎಲ್ರೂ ಒಪ್ಪೋ ಹೆಸರು ಅಂತ ಉಳಿದಿದ್ದು ಇವ್ರದ್ದೊಂದೇ.

ಈಗ ವಿಷ್ಯ ಏನಂದ್ರೆ ಈ ವಾರದ (2025ರ ಫೆಬ್ರವರಿ ಕೊನೇ ವಾರ) ಇವ್ರ ಡೈರಿ ನೋಡಿ ನಂಗೇ ತಲೆ ತಿರುಗ್ತು. ಸೋಮವಾರ ಬೆಳಿಗ್ಗೆ ಆರಕ್ಕೆಲ್ಲಾ ದಫೇದಾರ್ (ಪೌರಕಾರ್ಮಿಕರ ಮೇಸ್ತ್ರಿ) ಫೋನು, ಆಟೋ ಟಿಪ್ಪರ್ ಕೆಟ್ಟಿದೆ ಮೇಡಂ ಬಸ್ಟ್ಯಾಂಡ್ ಕಡೆ ಕಸ ಎತ್ತಿಲ್ಲ ಅಂತ. ಹನ್ನೊಂದಕ್ಕೆ ಬಜೆಟ್ ಪೂರ್ವಭಾವಿ ಸಭೆ, ಊರಿನ ಹಿರಿಯರು ಸಂಘ ಸಂಸ್ಥೆಯವರು ವರ್ತಕರು ಎಲ್ಲಾ ಬಂದು ಹೋದ ವರ್ಷ ಹೇಳಿದ್ದನ್ನೇ ಹೇಳಿ ಕಾಫಿ ಕುಡ್ದು ಹೋಗ್ತಾರೆ. ಮಧ್ಯಾಹ್ನ ಕೆಳಗೆ ಕೌಂಟರ್‌ನಲ್ಲಿ ಬಿ ಖಾತಾ (ಅನುಮತಿ ಇಲ್ದ ಬಡಾವಣೆ ಸೈಟುಗಳಿಗೆ ಕೊಡೋ ಖಾತೆ) ಗಲಾಟೆ, ಫೆಬ್ರವರಿ 18ರಿಂದ ಸರ್ಕಾರ ಆಂದೋಲನ ಶುರು ಮಾಡಿದೆಯಲ್ಲ, ರೆವಿನ್ಯೂ ಸೈಟಿನವರೆಲ್ಲಾ ಒಂದೇ ಸಲ ಬಂದು ನಿಂತಿದ್ದಾರೆ, ಸರ್ವರ್ ಬೇರೆ ಬಿದ್ದಿರತ್ತೆ, ಬೈಯೋದು ಮಾತ್ರ ಅಧ್ಯಕ್ಷರ ಛೇಂಬರಿಗೆ ಬಂದು. ಮಂಗಳವಾರ ಸಾಮಾನ್ಯ ಸಭೆ, ನಲವತ್ತರ ಮೇಲೆ ವಿಷಯ ಇದೆ ಅಜೆಂಡಾದಲ್ಲಿ. ಬುಧವಾರ ಶಿವರಾತ್ರಿ, ಹೆಸರಿಗೆ ರಜೆ, ಆದ್ರೆ ಊರಲ್ಲಿರೋ ಅಷ್ಟೂ ಈಶ್ವರನ ಗುಡಿಯಿಂದ ಆಹ್ವಾನ, ಜಾತ್ರೆ ಕಡೆ ನೀರಿನ ಟ್ಯಾಂಕರ್, ಲೈಟು, ಆವತ್ತು ಮಾಂಸದಂಗಡಿ ತೆಗ್ದಿದ್ದಾರೆ ಅಂತ ಒಂದು ಗುಂಪಿನ ಕಂಪ್ಲೇಂಟು. ಗುರುವಾರ ಡಿಸಿ ಆಫೀಸಲ್ಲಿ ಉಸ್ತುವಾರಿ ಸಚಿವರ ಪ್ರಗತಿ ಪರಿಶೀಲನೆ. ಶುಕ್ರವಾರ ಎಂಎಲ್‌ಎ ಜೊತೆ ಗುದ್ದಲಿ ಪೂಜೆ, ಎಂಎಲ್‌ಎ ಎಷ್ಟೊತ್ತಿಗೆ ಬರ್ತಾರೋ ಆಗ ಪೂಜೆ. ಶನಿವಾರ ಮಳಿಗೆ ಹರಾಜು, ಹಳೇ ಬಾಡಿಗೆದಾರರು ಕೋರ್ಟಿಗೆ ಹೋಗ್ತೀವಿ ಅಂತಿದ್ದಾರೆ. ಭಾನುವಾರ ಮದುವೆ, ಗೃಹಪ್ರವೇಶ, ತಿಥಿ. ತಿಥಿಗೆ ಹೋಗ್ದಿದ್ರೆ ಮದುವೆಗೆ ಹೋಗ್ದಿದ್ದಕ್ಕಿಂತ ಜಾಸ್ತಿ ಬೇಜಾರ್ ಮಾಡ್ಕೋತಾರೆ.

ಇಷ್ಟೆಲ್ಲಾ ಆಗಿ ಅತ್ತಿಗೆ ನಂಗೆ ಹೇಳಿದ್ದು, "ಮಂಗಳವಾರದ ಅಜೆಂಡಾ ಫೈಲ್ ಇನ್ನೂ ಬಿಚ್ಚೇ ನೋಡಿಲ್ಲ ಕಣೋ" ಅಂತ. ಅದಕ್ಕೇ ಕೇಳ್ತಿದೀನಿ, ನಗರಸಭೆ ಒಳಗಿನ ವಿಷ್ಯ ಗೊತ್ತಿರೋರು ಹೇಳಿ, ಇದ್ರಲ್ಲಿ ಯಾವ್ದು ಬಿಡ್ಬಹುದು, ಯಾವ್ದು ಬೇರೆಯವರ ಕೆಲಸ, ಯಾವ್ದನ್ನ ಏನಾದ್ರೂ ಬಿಡಬಾರದು?

ನಿವೃತ್ತ ಮ್ಯಾನೇಜರ್

ನಾನು ಪುರಸಭೆ ನಗರಸಭೆಗಳಲ್ಲೇ ಸರ್ವೀಸ್ ಮುಗಿಸಿದವನು, ಎಷ್ಟೋ ಅಧ್ಯಕ್ಷರನ್ನ ನೋಡಿದೀನಿ. ನಿಮ್ಮ ಅತ್ತಿಗೆಯವರ ವಾರದಲ್ಲಿ ಕಾನೂನು ಪ್ರಕಾರ ಅವರೇ ಮಾಡ್ಬೇಕಾದ ಕೆಲಸ ಯಾವ್ದು ಅಂದ್ರೆ ಮಂಗಳವಾರದ್ದು, ಆಮೇಲೆ ಸೋಮವಾರದ ಬಜೆಟ್ ಸಭೆ. ಅಷ್ಟೇ. ಮಿಕ್ಕಿದ್ದೆಲ್ಲಾ ಊರು ಕೊಟ್ಟ ಕೆಲಸ.

1964ರ ಪುರಸಭೆಗಳ ಕಾಯ್ದೆಯಲ್ಲಿ ಸಭೆ ಕರೆಯೋದು, ಸಭೆ ನಡೆಸೋದು, ವೋಟು ಸಮ ಸಮ ಬಂದ್ರೆ ನಿರ್ಣಾಯಕ ಮತ ಹಾಕೋದು, ಆಡಳಿತದ ಮೇಲೆ ಕಣ್ಣಿಡೋದು, ಇವು ಅಧ್ಯಕ್ಷರದ್ದು. ಟೆಂಡರ್ ಕರೆಯೋದು, ಬಿಲ್ ಪಾಸ್ ಮಾಡೋದು, ಸಿಬ್ಬಂದಿಯಿಂದ ಕೆಲಸ ತೆಗೆಸೋದು, ಖಾತೆ ಮಾಡೋದು ಪೌರಾಯುಕ್ತರು (ನಗರಸಭೆಯ ಮುಖ್ಯ ಅಧಿಕಾರಿ) ಮತ್ತವರ ಕೈಕೆಳಗಿನವರದ್ದು. ಚೆಕ್ಕಿಗೆ ಸೈನ್ ಹಾಕೋ ಅಧಿಕಾರ ಇಲ್ದೇ ಇರೋರನ್ನ ಊರೆಲ್ಲಾ ದುಡ್ಡು ಇವ್ರ ಕೈಲೇ ಇದೆ ಅನ್ನೋ ಹಾಗೆ ನೋಡತ್ತೆ. ಬಿ ಖಾತಾ ಗಲಾಟೆಗೆ ಅವ್ರು ಹೋಗಿ ಕೌಂಟರ್ ಹತ್ರ ನಿಲ್ಲೋ ಅಗತ್ಯ ಇಲ್ಲ, ರೆವಿನ್ಯೂ ಆಫೀಸರನ್ನ ಕರೆದು ಟೋಕನ್ ಕೊಡಿ, ಯಾವ ದಾಖಲೆ ಬೇಕು ಅಂತ ಗೋಡೆಗೆ ಬೋರ್ಡ್ ಹಾಕಿ ಅಂದ್ರೆ ಅರ್ಧ ಜನ ಕರಗ್ತಾರೆ. 2024ರ ಸೆಪ್ಟೆಂಬರ್ 10ರ ಒಳಗೆ ರಿಜಿಸ್ಟರ್ ಆಗಿರ್ಬೇಕು ಅನ್ನೋದೊಂದನ್ನ ದೊಡ್ಡಕ್ಷರದಲ್ಲಿ ಬರೆಸ್ಲಿ.

ಅಜೆಂಡಾ ವಿಷ್ಯಕ್ಕೆ ಬರ್ತೀನಿ, ಇದು ಮುಖ್ಯ. ನಲವತ್ತು ವಿಷಯದಲ್ಲಿ ಮೂವತ್ತು ಮಾಮೂಲಿ. ಮೊದ್ಲು ನೋಡ್ಬೇಕಾದ್ದು ಹಿಂದಿನ ತಿಂಗಳ ಜಮಾ-ಖರ್ಚು. ಎರಡನೇದು "ಘಟನೋತ್ತರ ಅನುಮೋದನೆ" ಅಂತ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲಾ ಪೆನ್ಸಿಲ್ ಗುರುತು ಹಾಕ್ಕೊಳ್ಳಿ, ಅಂದ್ರೆ ಕೆಲಸ ಆಗೋಗಿದೆ, ದುಡ್ಡು ಹೋಗಿದೆ, ಈಗ ಸಭೆ ಒಪ್ಪಿಗೆ ಮುದ್ರೆ ಬೇಕು ಅಷ್ಟೇ. ಬೋರ್‌ವೆಲ್ ಮೋಟಾರ್ ರಿಪೇರಿ, ತುರ್ತು ಪೈಪ್‌ಲೈನ್, ಜಾತ್ರೆ ಖರ್ಚು, ಇವು ನ್ಯಾಯವಾಗೂ ಇರ್ತವೆ, ಇಲ್ದೆನೂ ಇರ್ತವೆ, ಕಡತ ತರಿಸಿ ನೋಡಿದ್ರೇನೇ ಗೊತ್ತಾಗೋದು. ಮೂರನೇದು ಮಳಿಗೆ ಬಾಡಿಗೆ ಮುಂದುವರಿಸೋ ವಿಷಯಗಳು. ಕೊನೇಗೆ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಅಂತ ಒಂದಿರತ್ತೆ ನೋಡಿ, ಎಲ್ರಿಗೂ ಊಟದ ಹೊತ್ತಾಗಿ ಹಸಿವಾಗಿರೋವಾಗ ಅದ್ರಲ್ಲಿ ದೊಡ್ಡ ದೊಡ್ಡ ಮೀನು ನುಸುಳ್ತವೆ. ಅಪ್ಪಣೆ ಅವ್ರದ್ದು ತಾನೆ, ಕೊಡಲ್ಲ ಮುಂದಿನ ಸಭೆಗೆ ತನ್ನಿ ಅನ್ನಬಹುದು.

ಬಜೆಟ್‌ನಲ್ಲೂ ಅಷ್ಟೇ, ಕೈಗೆ ಸಿಗೋ ದುಡ್ಡು ಕಮ್ಮಿ. ಕೇಂದ್ರದ 15ನೇ ಹಣಕಾಸು ಆಯೋಗದ (2026ರ ಮಾರ್ಚ್ ತನಕದ್ದು) ಅನುದಾನ ನಿಮ್ಮಂಥ ಊರಿಗೆ ಬರೋದ್ರಲ್ಲಿ ಶೇ 60 ನೀರು ಮತ್ತೆ ನೈರ್ಮಲ್ಯಕ್ಕೇ ಅಂತ ಕಟ್ಟಿ ಕಳಿಸಿರ್ತಾರೆ. ಸ್ವಂತ ನಿಧಿಯಲ್ಲಿ ಶೇ 24.10 ಪರಿಶಿಷ್ಟರಿಗೆ, 7.25 ಇತರೆ ಬಡವರಿಗೆ, 5 ವಿಕಲಚೇತನರಿಗೆ ಎತ್ತಿಡ್ಲೇಬೇಕು, ಎತ್ತಿಟ್ಟು ಖರ್ಚು ಮಾಡ್ದೆ ಉಳಿಸ್ಕೊಂಡ್ರೆ ಆಡಿಟ್‌ನಲ್ಲಿ ಅದೂ ಬರತ್ತೆ. ಹೋದ ವರ್ಷ ಎಷ್ಟು ಖರ್ಚಾಗಿದೆ ಅಂತ ಒಂದೇ ಒಂದು ಪ್ರಶ್ನೆ ಸೋಮವಾರ ಕೇಳ್ಲಿ, ಅಕೌಂಟ್ಸ್ ಸೂಪರಿಂಟೆಂಡೆಂಟ್ ಮುಖ ನೋಡಿದ್ರೆ ಮಿಕ್ಕಿದ್ದು ಗೊತ್ತಾಗತ್ತೆ.

ಗುಲಗಂಜಿ ಗೌಡ್ರು

ಮ್ಯಾನೇಜರ್ ಸಾಹೇಬ್ರ ಮಾತು ಕಾನೂನಿನ್ಯಾಗ ಖರೇನ ಐತ್ರಿ, ಆದ್ರ ಊರಾಗ ಹಂಗ ನಡ್ಯೂದಿಲ್ಲ. ನಾನೂ ಐದ ವರ್ಷ ಮೆಂಬರ್ ಆಗಿದ್ದೆ, ನಮ್ಮ ಊರು ಉತ್ತರ ಕರ್ನಾಟಕದ್ದು. ಬ್ಯಾಸಿಗಿ ಬಂತಂದ್ರ ನಳಕ್ಕ ನೀರ ಬರೂದು ಎಂಟ ಹತ್ತ ದಿನಕ್ಕೊಮ್ಮೆ. ಅವಾಗ ಜನ ವಾಲ್ವ್‌ಮನ್‌ಗೂ ಫೋನ್ ಮಾಡಂಗಿಲ್ಲ, ವಾರ್ಡ್ ಮೆಂಬರ್‌ಗೂ ಮಾಡಂಗಿಲ್ಲ, ಸೀದಾ ಅಧ್ಯಕ್ಷರಿಗೆ. ರಾತ್ರಿ ಎರಡಕ್ಕ ನೀರ ಬಿಟ್ರೂ ಫೋನ್, ಯಾಕ ಎರಡಕ್ಕ ಬಿಟ್ರಿ ಅಂತ. ಕರೆಂಟ್ ಹೋತು ಅಂತನೂ ಅಧ್ಯಕ್ಷರಿಗೆ, ಅದು ಹೆಸ್ಕಾಂದವ್ರದು. ಹೈವೇದಾಗ ತಗ್ಗ ಬಿದ್ದೈತಿ ಅಂತನೂ ಅಧ್ಯಕ್ಷರಿಗೆ, ಅದು ಪಿಡಬ್ಲ್ಯೂಡಿದವ್ರದು. ಒಳಚರಂಡಿ ಅಗದ ಹಂಗ ಬಿಟ್ಟಾರ ಅಂದ್ರ ಅದು ಒಳಚರಂಡಿ ಮಂಡಳಿದು. ಯಾರದ ಕೆಲಸ ಅಂತ ಜನಕ್ಕ ಹೇಳಿದ್ರ ಜಾರ್ಕೊಳ್ಳಾಕತ್ತಾರ ಅಂತಾರ.

ನಮ್ಮ ಅವಧಿಯಾಗ ಒಬ್ಬ ಅಧ್ಯಕ್ಷರು ಒಂದ ಚಲೋ ಪದ್ಧತಿ ಮಾಡಿದ್ರು. ದಿನಾ ಮುಂಜಾನೆ ಹತ್ತರಿಂದ ಹನ್ನೊಂದು ಛೇಂಬರ್‌ದಾಗ ಕುಂಡ್ರೂದು, ಯಾರು ಬೇಕಾದ್ರೂ ಬರಬಹುದು, ಮಗ್ಗಲಕ್ಕ ಒಬ್ಬ ಕ್ಲರ್ಕ್ ರಿಜಿಸ್ಟರ್ ಇಟಗೊಂಡ ಕುಂಡ್ರೂದು, ಏನ ಬಂತು ಬರಕೊಳ್ಳೂದು, ಮರುದಿನ ಆ ರಿಜಿಸ್ಟರ್ ತಗದ ಇಂಜಿನಿಯರ್‌ಗೂ ಹೆಲ್ತ್ ಇನ್ಸ್‌ಪೆಕ್ಟರ್‌ಗೂ ಕೇಳೂದು. ಹನ್ನೊಂದರ ಮ್ಯಾಲೆ ಬಂದವ್ರಿಗೆ ನಾಳಿ ಬರ್ರಿ. ಮೊದಲ ತಿಂಗಳ ಬೈದ್ರು, ಆಮ್ಯಾಲೆ ರೂಢಿ ಆತು. ಈಗ ಜನಹಿತ ಆ್ಯಪ್ ಬ್ಯಾರೆ ಐತಿ, ಕಂಪ್ಲೇಂಟ್ ಅದರಾಗ ಹಾಕಿಸಿದ್ರ ನಂಬರ್ ಬರ್ತೈತಿ, ತಾರೀಖ ಉಳಿತೈತಿ, "ನಮಗ ಯಾರೂ ಹೇಳಿಲ್ಲ" ಅಂತ ಸಿಬ್ಬಂದಿ ಅನ್ನಾಕ ಬರಂಗಿಲ್ಲ.

ಇನ್ನೊಂದ ಮಾತು ತಮ್ಮಾ, ಸಿಟ್ಟ ಮಾಡ್ಕೋಬ್ಯಾಡ. ನಿಮ್ಮಣ್ಣಾರು ಅಧ್ಯಕ್ಷರ ಬಾಜು ಕುರ್ಚಿ ಹಾಕ್ಕೊಂಡ ಕುಂಡ್ರಾಕತ್ತಿಲ್ಲ ಹೌದಲ್ಲೋ? ಒಮ್ಮೆ ಕುಂತ್ರ ಸಿಬ್ಬಂದಿ ಕಡತ ಅವರ ಮುಂದ ಇಡಾಕ ಚಾಲೂ ಮಾಡ್ತಾರ.

ಕೆರೆದಂಡೆ ಹುಡುಗ

ಗೌಡ್ರೇ ಸಿಟ್ಟೇನಿಲ್ಲ, ಕೇಳಿದ್ದು ಸರಿಯಾಗೇ ಇದೆ. ಅಣ್ಣ ಸಭೆಗೆ ಹೋಗಲ್ಲ ಆದ್ರೆ ಫೋನು ಅವ್ನಿಗೇ ಜಾಸ್ತಿ ಬರೋದು, ಕಂಟ್ರಾಕ್ಟರ್‌ಗಳಂತೂ ಅತ್ತಿಗೆ ನಂಬರೇ ಇಟ್ಕೊಂಡಿಲ್ಲ ಅನ್ಸತ್ತೆ. ಅತ್ತಿಗೆ ಮೊನ್ನೆ ಅಣ್ಣನ ಎದುರಿಗೇ ಹೇಳಿದ್ರು, ನೀವು ಫೋನ್ ತಗೊಂಡ್ರೆ "ಅವ್ರನ್ನೇ ಕೇಳಿ" ಅಂದು ಇಟ್ಬಿಡಿ ಅಂತ. ಅಣ್ಣ ಎರಡು ದಿನ ಮಾತಾಡ್ಲಿಲ್ಲ. ಈಗ ಪರವಾಗಿಲ್ಲ.

ಹತ್ತರಿಂದ ಹನ್ನೊಂದರ ಐಡಿಯಾ ಸಖತ್ತಾಗಿದೆ. ಮ್ಯಾನೇಜರ್ ಸರ್ ಹೇಳಿದ ಪ್ರಕಾರ ನೋಡಿದ್ರೆ ಬೆಳಿಗ್ಗೆ ಆರರ ದಫೇದಾರ್ ಫೋನೂ ಬಿಡ್ಬಹುದು ಅಲ್ವಾ? ಟಿಪ್ಪರ್ ರಿಪೇರಿ ಅವ್ರ ಕೆಲಸ ಅಲ್ವಲ್ಲ.

ಎರಡನೇ ಪುಟ

ಆ ಫೋನ್ ಮಾತ್ರ ಬಿಡ್ಬೇಡಿ ಅನ್ನಿ! ನಾನು ಜಿಲ್ಲಾ ಪತ್ರಿಕೆಯೊಂದ್ರಲ್ಲಿ ನಗರಸಭೆ ಬೀಟ್ ಮಾಡ್ತೀನಿ, ಇಲ್ಲಿ ಮ್ಯಾನೇಜರ್ ಸರ್ ಜೊತೆ ನಂದು ಸ್ವಲ್ಪ ಭಿನ್ನಾಭಿಪ್ರಾಯ. ಅಧಿಕಾರಿಗಳು ಅಧ್ಯಕ್ಷರಿಗೆ ಹೇಳೋದೆಲ್ಲಾ "ಕ್ರಮ ವಹಿಸಲಾಗಿದೆ" ಭಾಷೆಯಲ್ಲಿ ಇರತ್ತೆ. ಟಿಪ್ಪರ್ ಕೆಟ್ಟಿದೆ, ಡೀಸೆಲ್ ಇಲ್ಲ, ಇವತ್ತು ಹನ್ನೆರಡು ಜನ ಬಂದಿಲ್ಲ ಅಂತ ನಿಜ ಹೇಳೋನು ದಫೇದಾರ್ ಒಬ್ನೇ. ರಿಪೇರಿ ಮಾಡಿಸೋದು ಅವ್ರ ಕೆಲಸ ಅಲ್ಲ, ಗೊತ್ತಿರೋದು ಅವ್ರ ಕೆಲಸ. ವಾರಕ್ಕೊಂದು ದಿನ ಹೇಳ್ದೆ ಕೇಳ್ದೆ ಬೆಳಿಗ್ಗೆ ಪೌರಕಾರ್ಮಿಕರ ಹಾಜರಿ ತಗೊಳ್ಳೋ ಜಾಗಕ್ಕೆ ಹೋಗಿ ನಿಲ್ಲಲಿ. ಫೋಟೋದವ್ರನ್ನ ಕರ್ಕೊಂಡು ಹೋಗೋದು ಬೇಡ, ನಾವು ಬಂದ್ರೆ ಎಲ್ಲಾ ಹೊಸ ಗ್ಲೌಸ್ ಹಾಕ್ಕೊಂಡು ನಿಂತಿರ್ತಾರೆ. ಒಬ್ಬರ ಹೆಸರಲ್ಲಿ ಇನ್ನೊಬ್ರು ಕೆಲಸಕ್ಕೆ ಬಂದಿರೋದು, ಗಮ್‌ಬೂಟ್ ಕೊಟ್ಟಿದ್ದೀವಿ ಅಂತ ಬಿಲ್ ಆಗಿರೋದು ಕಾಲಲ್ಲಿ ಹವಾಯಿ ಇರೋದು, ಇವೆಲ್ಲಾ ಅಲ್ಲಿ ಹತ್ತು ನಿಮಿಷಕ್ಕೆ ಕಾಣತ್ತೆ. ಸೆಪ್ಟೆಂಬರ್ 23ಕ್ಕೆ ಪೌರಕಾರ್ಮಿಕರ ದಿನಾಚರಣೆ ಅಂತ ಶಾಲು ಹೊದಿಸಿ ಭಾಷಣ ಮಾಡೋ ಅಧ್ಯಕ್ಷರು ಬೇಕಾದಷ್ಟಿದ್ದಾರೆ.

ನನ್ನ ಪ್ರಕಾರ ಬಿಡ್ಬೇಕಾದ್ದು ಶುಕ್ರವಾರದ್ದು. ಗುದ್ದಲಿ ಪೂಜೆಗೆ ಎಂಎಲ್‌ಎ ಬಂದ್ರೆ ಪೇಪರಲ್ಲಿ ಹೆಸರು ಎಂಎಲ್‌ಎದೇ, ಅಧ್ಯಕ್ಷರು "ಮುಂತಾದವರು ಉಪಸ್ಥಿತರಿದ್ದರು" ಮೇಲಿನ ಸಾಲಲ್ಲಿ. ಅದಕ್ಕೆ ಅರ್ಧ ದಿನ ಬಿಸಿಲಲ್ಲಿ ಕಾಯ್ತಾರೆ. ಪೂರ್ತಿ ಬಿಡೋಕಾಗಲ್ಲ ಅಂತ ಗೊತ್ತು, ಎಂಎಲ್‌ಎ ಎಂಪಿಗೂ ನಗರಸಭೆಲಿ ವೋಟಿದೆ, ಅವ್ರನ್ನ ಎದುರು ಹಾಕ್ಕೊಂಡ್ರೆ ಸೀಟೇ ಅಲ್ಲಾಡತ್ತೆ. ಉಪಾಧ್ಯಕ್ಷರನ್ನ ಕಳಿಸ್ಲಿ, ಆ ಮನುಷ್ಯನಿಗೂ ಏನಾದ್ರೂ ಕೆಲಸ ಬೇಕಲ್ಲ.

ಇನ್ನೊಂದು ಲೆಕ್ಕ ನಿಮ್ಮ ಅತ್ತಿಗೆ ತಲೇಲಿ ಇರ್ಲಿ. 2018ರ ಸೆಪ್ಟೆಂಬರ್ 3ಕ್ಕೆ ರಿಸಲ್ಟ್ ಬಂತು, ಮೀಸಲಾತಿ ಕೇಸು ಕೋರ್ಟಲ್ಲಿ ಬಿದ್ದು ಬಹಳಷ್ಟು ಕಡೆ ಅಧ್ಯಕ್ಷರ ಚುನಾವಣೆ ಆಗಿದ್ದು 2020ರ ಕೊನೆಗೆ. ಅಲ್ಲೀವರ್ಗೂ ಗೆದ್ದವರು ಮನೇಲಿ, ಆಡಳಿತಾಧಿಕಾರಿ ಆಫೀಸಲ್ಲಿ. ಅಧ್ಯಕ್ಷರ ಮೊದಲ 30 ತಿಂಗಳ ಅವಧಿ 2023ರ ಬೇಸಿಗೆಗೆ ಮುಗೀತು, ಮತ್ತೆ ಪಟ್ಟಿ ಬರೋಕೆ 2024ರ ಆಗಸ್ಟ್. ಮಧ್ಯದಲ್ಲಿ ಪುನಃ ಆಡಳಿತಾಧಿಕಾರಿ. ಕೌನ್ಸಿಲ್‌ನ ಐದು ವರ್ಷ ಮೊದಲ ಸಭೆಯಿಂದ ಲೆಕ್ಕ, ಅಂದ್ರೆ 2025ರ ಕೊನೆಗೆ ಬಾಗಿಲು ಹಾಕತ್ತೆ. ಹೆಸರಿಗೆ 30 ತಿಂಗಳ ಕುರ್ಚಿ, ಕೈಗೆ ಸಿಕ್ಕಿದ್ದು ಅದರ ಅರ್ಧ ಇಲ್ಲ. ಇವ್ರು ಮಂಡಿಸೋ ಬಜೆಟ್ ಇದೊಂದೇ. ಹಾಗಾಗಿ ಎಲ್ಲಾ ವಾರ್ಡಿಗೂ ಒಂದೊಂದು ಚೂರು ಹಂಚೋ ಬದ್ಲು ಒಂದು ಕೆಲಸ ಹಿಡಿದು ಮುಗಿಸ್ಲಿ, ಕುಡಿಯೋ ನೀರೋ ಕಸದ ಯಾರ್ಡೋ ಯಾವ್ದಾದ್ರೂ.

ಮಳೆ ನಿಂತಿಲ್ಲ

ನಾನಿರೋದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಮೂಲ ಹಾಸನ ಕಡೆ. ಈ ಥ್ರೆಡ್ ಓದ್ತಾ ನಗು ಬಂತು ಯಾಕಂದ್ರೆ ಇಲ್ಲೂ ಈಗ ಬಜೆಟ್ ಟೈಮೇ, ಮಾರ್ಚ್ 11ರೊಳಗೆ ಕೌನ್ಸಿಲ್ ಬಜೆಟ್ ಪಾಸ್ ಆಗ್ಲೇಬೇಕು, ಮೇಲಿಂದ ಜನವರಿಯಿಂದ ಕಸ ಎತ್ತೋರ ಮುಷ್ಕರ. ಬೆಳಿಗ್ಗೆದ್ರೆ ಇಲ್ಲಿನ ಲೀಡರ್‌ಗೂ ಕಸದ್ದೇ ಚಿಂತೆ.

ವ್ಯವಸ್ಥೆ ಮಾತ್ರ ಬೇರೆ. ಇಲ್ಲಿ ಲಾರ್ಡ್ ಮೇಯರ್ ಬೇರೆ, ಕೌನ್ಸಿಲ್ ಲೀಡರ್ ಬೇರೆ. ಸರ ಹಾಕ್ಕೊಂಡು ಸ್ಕೂಲ್ ಫಂಕ್ಷನ್, ರಿಬ್ಬನ್ ಕಟ್ಟು, ಹಬ್ಬಕ್ಕೆ ಹಾಜರಿ ಎಲ್ಲಾ ಲಾರ್ಡ್ ಮೇಯರ್ ಪಾಲಿಗೆ. ಅಧಿಕಾರ ಇರೋದು ಲೀಡರ್ ಮತ್ತವರ ಕ್ಯಾಬಿನೆಟ್ ಕೈಲಿ, 101 ಕೌನ್ಸಿಲರ್‌ಗಳಲ್ಲಿ ಮೆಜಾರಿಟಿ ಪಾರ್ಟಿಯವರು ಆರಿಸಿದವರು ಲೀಡರ್ ಆಗ್ತಾರೆ. ನಮ್ಮ ಕಲಬುರಗಿ ಕಡೆಯ ನೀರಜ್ ಪಾಟೀಲ್ 2010ರಲ್ಲಿ ಲಂಡನ್ನಿನ ಲ್ಯಾಂಬೆತ್‌ಗೆ ಮೇಯರ್ ಆಗಿದ್ರಲ್ಲ, ಥೇಮ್ಸ್ ದಂಡೆಲಿ ಬಸವಣ್ಣನ ಪ್ರತಿಮೆ ಮಾಡಿಸಿದವರು, ಅವ್ರೂ ಮೇಯರ್, ಆಗ ಲೀಡರ್ ಬೇರೆಯವರಿದ್ರು. ನಿಮ್ಮ ಅತ್ತಿಗೆಗೆ ಎರಡೂ ಕೆಲಸ ಒಬ್ರ ತಲೆ ಮೇಲೇ ಬಿದ್ದಿದೆ, ಅದ್ರಲ್ಲೂ ರಿಬ್ಬನ್ ಪೂರ್ತಿ ಸಿಕ್ಕಿದೆ, ಅಧಿಕಾರ ಅರ್ಧ.

ಹಾಗಂತ ಇಲ್ಲಿ ಸ್ವರ್ಗ ಅಂತ ಅಲ್ಲ ಮತ್ತೆ. 2023ರ ಸೆಪ್ಟೆಂಬರ್ 5ಕ್ಕೆ ನಮ್ಮ ಕೌನ್ಸಿಲ್ ಸೆಕ್ಷನ್ 114 ನೋಟಿಸ್ ಕೊಟ್ಟು ಕೈ ಎತ್ತಿತು, ಅಂದ್ರೆ ಕಾನೂನು ಪ್ರಕಾರ ಮಾಡ್ಲೇಬೇಕಾದ್ದು ಬಿಟ್ಟು ಹೊಸ ಖರ್ಚೇ ಇಲ್ಲ. ಮಹಿಳಾ ಸಿಬ್ಬಂದಿಗೆ ಸಮಾನ ವೇತನದ ಬಾಕಿ ಕೊಡ್ಬೇಕಿತ್ತು, ಹೊಸ ಕಂಪ್ಯೂಟರ್ ಸಿಸ್ಟಂ ಹಾಕ್ಸಿದ್ದೂ ಕೈ ಸುಡ್ತು. ಆಮೇಲೆ ಸರ್ಕಾರ ಕಮಿಷನರ್‌ಗಳನ್ನ ತಂದು ಕೂರಿಸ್ತು, 2024ರಲ್ಲಿ ಮನೆ ತೆರಿಗೆ ಹತ್ತಿರ ಹತ್ತಿರ ಶೇ 10 ಏರ್ತು. ಚುನಾಯಿತರ ತಲೆ ಮೇಲೆ ಅಧಿಕಾರಿ ಕೂರೋದು ನಿಮ್ಮಲ್ಲಿ ಮಾತ್ರ ಅಲ್ಲ ಅಂತ ಹೇಳೋಕೆ ಬರೆದೆ.

ಕಡ್ಲೆಪುರಿ

ಎಲ್ಲಾ ಸರಿ ಸ್ವಾಮಿ, ಭಾನುವಾರದ ತಿಥಿಗೆ ಯಾರೂ ಪರಿಹಾರ ಹೇಳ್ಲಿಲ್ವಲ್ಲ. ನಮ್ಮ ವಾರ್ಡ್ ಮೆಂಬರ್ ಒಬ್ರು ತಿಥಿಗೆ ಊಟದ ಹೊತ್ತಿಗೆ ಹೋಗಲ್ಲ, ಬೆಳಿಗ್ಗೆ ಏಳಕ್ಕೇ ಹೋಗಿ ಫೋಟೋಗೆ ಹೂವು ಹಾಕಿ ಮನೆಯವ್ರ ಹತ್ರ ಐದು ನಿಮಿಷ ಕೂತು ಬರ್ತಾರೆ. ಆ ಹೊತ್ತಲ್ಲಿ ಬಂದವ್ರನ್ನ ಮನೆಯವ್ರು ಜನ್ಮದಲ್ಲಿ ಮರೆಯಲ್ಲ. ಒಂದೇ ಬೆಳಿಗ್ಗೆ ನಾಲ್ಕು ಮನೆ ಮುಗಿಸ್ತಾರೆ.

ಕೆರೆದಂಡೆ ಹುಡುಗ

ಕಡ್ಲೆಪುರಿ 😂 ಇದನ್ನ ಅತ್ತಿಗೆಗೆ ಓದಿ ಹೇಳ್ದೆ, ಮೊದ್ಲು ಒಪ್ಕೊಂಡಿದ್ದು ಇದನ್ನೇ. ಗುದ್ದಲಿ ಪೂಜೆಗೆ ಉಪಾಧ್ಯಕ್ಷರನ್ನ ಕಳಿಸೋದಕ್ಕೆ ಇನ್ನೂ ಧೈರ್ಯ ಬಂದಿಲ್ಲ, ಈ ಸಲ ಹೋಗ್ತೀನಿ ಅಂದ್ರು. ಡಿಸಿ ಮೀಟಿಂಗಿಗೆ ಪೌರಾಯುಕ್ತರು ಹೇಗೂ ಹೋಗ್ತಾರೆ. ಈಗ ರಾತ್ರಿ ಕೂತು ಅಜೆಂಡಾ ತೆಗ್ದಿದ್ದಾರೆ, ಪೆನ್ಸಿಲ್ ಹಿಡ್ಕೊಂಡು. ಘಟನೋತ್ತರ ಅನುಮೋದನೆ ಏಳು ಇದೆಯಂತೆ, ಅದ್ರಲ್ಲಿ ಮೂರು ಒಂದೇ ಬೀದಿ ಚರಂಡಿ ಹೂಳೆತ್ತಿದ್ದು, ಮೂರಕ್ಕೂ ಬೇರೆ ಬೇರೆ ತುಂಡು ಗುತ್ತಿಗೆ (ಟೆಂಡರ್ ಇಲ್ದೆ ಕೊಡೋ ಚಿಕ್ಕ ಕೆಲಸ). ಮ್ಯಾನೇಜರ್ ಸರ್, ನಾಳೆ ಸಭೆಯಲ್ಲಿ ಇದನ್ನ ಹೇಗೆ ಎತ್ತೋದು? ನೇರ ಬೇಡ ಅಂದ್ರೆ ಆ ವಾರ್ಡಿನ ಮೆಂಬರ್ ಇವ್ರ ಪಾರ್ಟಿಯವ್ರೇ.

ನಿವೃತ್ತ ಮ್ಯಾನೇಜರ್

ತಿರಸ್ಕಾರ ಮಾಡೋದು ಬೇಡ, ಜಗಳವೂ ಬೇಡ. ಸಭೆಗೆ ಮುಂಚೆ, ಒಂಬತ್ತೂವರೆಗೆಲ್ಲಾ, ಮೂರೂ ಕಡತ ಅಳತೆ ಪುಸ್ತಕದ ಸಮೇತ ಛೇಂಬರಿಗೆ ತರಿಸ್ಲಿ. ತಂದ್ರೆ ತಾರೀಕು ಮತ್ತೆ ಅಳತೆ ಎರಡೇ ನೋಡ್ಲಿ, ಒಂದೇ ಬೀದಿಯ ಉದ್ದ ಮೂರರಲ್ಲೂ ಬಂದಿದ್ರೆ ಮಾತೇ ಬೇಕಿಲ್ಲ. ತರ್ಲಿಲ್ಲ ಅಂದ್ರೆ ವಿಷಯ ಬಂದಾಗ "ಕಡತ ಸಭೆಗೆ ಹಾಜರುಪಡಿಸಿಲ್ಲ, ಸ್ಥಳ ಪರಿಶೀಲನೆ ವರದಿಯೊಂದಿಗೆ ಮುಂದಿನ ಸಭೆಗೆ ಮಂಡಿಸತಕ್ಕದ್ದು" ಅಂತ ಹೇಳಿ ಮುಂದಿನ ವಿಷಯಕ್ಕೆ ಹೋಗ್ಲಿ. ಅದೇ ಪದಗಳು ನಡಾವಳಿಯಲ್ಲಿ ಬಂದಿದ್ಯಾ ಅಂತ ಓದಿನೇ ಸಹಿ ಹಾಕ್ಬೇಕು. ನಡಾವಳಿ ಬರೆಯೋ ಗುಮಾಸ್ತರು "ಚರ್ಚಿಸಿ ಅನುಮೋದಿಸಲಾಯಿತು" ಅಂತ ಅಭ್ಯಾಸಬಲದಿಂದ ಬರೆದುಬಿಡ್ತಾರೆ, ನಾನೂ ಆ ಸೀಟಲ್ಲಿ ಕೂತವನೇ. ಆ ಚರಂಡಿಯನ್ನ ಬುಧವಾರ ಗುಡಿಗೆ ಹೋಗೋ ದಾರೀಲೇ ಒಂದ್ಸಲ ಇಳಿದು ನೋಡ್ಬಹುದು, ಹೂಳು ಇದ್ಯಾ ಇಲ್ವಾ ಅಂತ.